ಪಂಚಮೀ ವಿಭಕ್ತಿಯ ದಂಡೆ

ಅಂಗಳ

ತಂಗಿಯ ಮನೆಯ ಅಂಗಳದಲ್ಲಿ ನೀಲಿ ತಾಡಪತ್ರಿ ಹೊದ್ದು ಮಲಗಿದ್ದುದು ಏನೆಂದು ನಾನು ಕೇಳಿದ್ದು ಅಲ್ಲಿಗೆ ಹೋದ ಮೂರನೆಯ ದಿನ. ಮೊದಲೆರಡು ದಿನ ಅದನ್ನು ಜೋಳದ ಕಣಕಿಯ ಬಣವೆಯೆಂದೇ ತಿಳಿದಿದ್ದೆ. ನಮ್ಮ ಸಿಂದಗಿಯ ಕಡೆ ಮನೆಯ ಮುಂದೆ ತಾಡಪತ್ರಿ ಹೊದಿಸಿ ಜೋಪಾನ ಮಾಡುವುದು ಅದನ್ನೇ. ದನವಿಲ್ಲದ ಮನೆಗೆ ಬಣವೆ ಏತಕ್ಕೆಂಬ ಪ್ರಶ್ನೆ ಹೊಳೆಯದೆ ಹೋದದ್ದಕ್ಕೆ ಹನ್ನೊಂದೂವರೆ ಗಂಟೆಗಳ ಕಾಲವ್ಯತ್ಯಾಸವೇ ಕಾರಣವಿರಬೇಕು.

“ದೋಣಿ ಅಕ್ಕಾ,” ಎಂದಳು ತಂಗಿ ಶೈಲಾ, ಒಲೆಯ ಕಡೆಯಿಂದ ಮುಖ ತಿರುಗಿಸದೆ. “ಅದರ ಸುದ್ದಿ ಅವರ ಮುಂದ ತಗೀಬ್ಯಾಡ.”

‘ಅವರು’ ಎಂದರೆ ಅವಳ ಗಂಡ ಮಲ್ಲಪ್ಪ. ಇಬ್ಬರೂ ನರ್ಸಿಂಗ್ ಓದುವಾಗ ಪರಿಚಯವಾದವರು. ಈಗ ಕೆನಡಾದ ಗೋಧಿಬಯಲಿನ ನಡುವಿನ ಒಂದು ಪಟ್ಟಣದಲ್ಲಿ ಒಂದೇ ಆಸ್ಪತ್ರೆಯಲ್ಲಿ ದುಡಿಯುತ್ತಾರೆ. ಮಲ್ಲಪ್ಪನ ತಂದೆ ಹನಮಪ್ಪನವರು ಕೃಷ್ಣಾ ಹೊಳೆಯಲ್ಲಿ ನಾವೆ ನಡೆಸುತ್ತಿದ್ದವರು. ಆಲಮಟ್ಟಿಯ ಹಿನ್ನೀರು ಏರಿದಾಗ ಊರು ಮುಳುಗಿತು, ನಾವೆ ನಿಲ್ಲುತ್ತಿದ್ದ ಕಟ್ಟೆ ಮುಳುಗಿತು; ದೂರದಲ್ಲೊಂದು ಸೇತುವೆ ಎದ್ದು ಉಳಿದ ಕೆಲಸವನ್ನೂ ಒಯ್ದಿತು. ಅವರು ಈಗ ಬಸವನ ಬಾಗೇವಾಡಿ ತಾಲ್ಲೂಕಿನ ಪುನರ್ವಸತಿ ಕೇಂದ್ರದಲ್ಲಿ ಹಿರಿಯ ಮಗನೊಂದಿಗೆ ಇದ್ದಾರೆ. ಮಲ್ಲಪ್ಪ ಚಿಕ್ಕವನಿದ್ದಾಗ ಅವನ ಕೈಗೆ ಒಂದು ದಿನವೂ ಹುಟ್ಟು ಕೊಟ್ಟವರಲ್ಲ. “ನೀ ಸಾಲಿ ಕಲಿ,” ಎಂದಷ್ಟೇ ಹೇಳುತ್ತಿದ್ದರಂತೆ.

ಆ ಹುಡುಗ ಸಾಲಿ ಕಲಿತ. ನಲವತ್ತೆರಡನೆಯ ವಯಸ್ಸಿನಲ್ಲಿ, ಮೋಟಾರಿನ ಸಮೇತ, ಒಂದು ಹಳೆಯ ಅಲ್ಯೂಮಿನಿಯಂ ದೋಣಿಯನ್ನು ಕೊಂಡ. ಅದನ್ನು ನಡೆಸುವ ಪರೀಕ್ಷೆ ಬರೆದು ಪಾಸಾದ. ಫೋನಿನಲ್ಲಿ ತಂದೆಗೆ ತೋರಿಸಿದ. ಅಂದಿನಿಂದ ಪ್ರತಿ ರವಿವಾರ ಅವರದು ಒಂದೇ ಪ್ರಶ್ನೆ: “ನೀರಿಗೆ ಬಿಟ್ಟೇನು?”

ಬಿಟ್ಟಿದ್ದ. ಅದೇ ತೊಂದರೆಯಾಗಿತ್ತು. ನಾನು ಹೋಗುವುದಕ್ಕೆ ಎರಡು ವಾರ ಮೊದಲು, ಒಂದು ಗಂಟೆಯ ದಾರಿಯಲ್ಲಿರುವ ದೊಡ್ಡ ಸರೋವರಕ್ಕೆ ದೋಣಿಯನ್ನು ಕಾರಿನ ಹಿಂದೆ ಕಟ್ಟುವ ಟ್ರೇಲಿಯ ಮೇಲೆ ಎಳೆದೊಯ್ದು, ಅಲ್ಲಿ ದೋಣಿ ಇಳಿಸಲೆಂದೇ ಕಟ್ಟಿದ ಇಳಿಜಾರಿನಲ್ಲಿ ಹಿಂದಕ್ಕೆ ಬಿಡುವಾಗ ಟ್ರೇಲಿ ಅಡ್ಡ ತಿರುಗಿತು. ಆ ವರ್ಷ ಮಳೆ ಕಡಿಮೆಯಾಗಿ ನೀರು ಇಳಿದಿತ್ತು. ಕಾಂಕ್ರೀಟು ಮುಗಿದಲ್ಲಿ ಚಕ್ರ ಕೆಳಗೆ ಬಿದ್ದು, ಕಾರಿನ ಹಿಂಭಾಗವೂ ನೀರಿಗೆ ಹೋಯಿತು. ಜಗ್ಗಿ ತೆಗೆಯುವುದಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹಿಂದೆ ಹತ್ತು ಹನ್ನೆರಡು ಜನ ತಮ್ಮ ತಮ್ಮ ದೋಣಿಗಳೊಂದಿಗೆ ಸಾಲಿನಲ್ಲಿ ನಿಂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ.

“ಒಬ್ಬರಾದ್ರೂ ಬೈದಿದ್ರ ಚೊಲೊ ಇತ್ತರಿ ಅಕ್ಕಾರ,” ಎಂದು ಆ ಸಂಗತಿಯನ್ನು ಕೊನೆಗೆ ತಾನೇ ತೆಗೆದ ಮಲ್ಲಪ್ಪ, ಆ ಸಂಜೆ ಊಟದ ಮುಂದೆ. “ಸುಮ್ನ ನಿಂತಿದ್ರು ನೋಡ್ರಿ, ಅದನ್ನ ತಡಕೊಳ್ಳಾಕ ಆಗಲಿಲ್ಲ. ನಮ್ಮ ಕಡೆ ಆಗಿದ್ರ ಇಷ್ಟೊತ್ತಿಗೆ ನಾಕು ಮಂದಿ ಬೈದು, ನಾಕು ಮಂದಿ ಕೈ ಹಚ್ಚಿ, ಚಾ ಕುಡದು ಮನಿಗೆ ಹೋಗಿರ್ತಿದ್ರು.”

ದೋಣಿಯನ್ನು ಮಾರಲು ಅವನು ನಿಶ್ಚಯಿಸಿದ್ದ. ಬರುವ ರವಿವಾರ ಸಂಜೆ ಐದಕ್ಕೆ ಕೊಳ್ಳುವವನು ಬರುವವನಿದ್ದ. ತಂದೆಗೆ ಮಾತ್ರ ಇನ್ನೂ ಹೇಳಿರಲಿಲ್ಲ.

“ಅಪ್ಪಗ ಏನ ಹೇಳ್ತೀರಿ?” ಎಂದಳು ಶೈಲಾ.

ಅವನು ರೊಟ್ಟಿ ಮುರಿಯುತ್ತ ಕುಳಿತ. ತಾವು ನಡೆಸುತ್ತಿದ್ದ ನಾವೆಯನ್ನು ಹನಮಪ್ಪನವರು ಸೇತುವೆ ಎದ್ದ ಮೇಲೆ ಕಟ್ಟಿಗೆ ಅಡ್ಡೆಗೆ ಕೊಟ್ಟಿದ್ದರು. ಕೊಟ್ಟ ದಿನ ಊಟ ಮಾಡಿರಲಿಲ್ಲ. ಆ ಮನೆಯಿಂದ ಎರಡನೆಯ ದೋಣಿಯೂ ಹೋಗುವ ಸುದ್ದಿಯನ್ನು ಅವರಿಗೆ ಮುಟ್ಟಿಸಬೇಕಾಗಿತ್ತು.

ನಾನು ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಉತ್ತರ ತಪ್ಪಾದಾಗ ಮೊದಲು ಪ್ರಶ್ನೆಪತ್ರಿಕೆಯನ್ನು ನೋಡಬೇಕೆಂಬುದು ನನ್ನ ಕ್ರಮ. “ತಪ್ಪಿದ್ದು ನೀನಲ್ಲ ಮಲ್ಲಪ್ಪ, ಜಾಗಾ,” ಎಂದೆ. “ರವಿವಾರಕ್ಕ ಇನ್ನೂ ನಾಕು ದಿನಾ ಅದಾವು. ಸರಿಯಾದ ಜಾಗಾ ಆರಿಸಿ ಒಮ್ಮೆ ಬಿಡೂಣು. ಆಮ್ಯಾಲೂ ಬ್ಯಾಡ ಅನಿಸಿದ್ರ ಮಾರು.”

“ನೀವು ಬರ್ತೀರಿ?”

“ಬರ್ತೇನಿ. ಈಜಾಕ ಬರೂದಿಲ್ಲ ಅಷ್ಟ.”

ನಾಲ್ಕು ಇಳಿಜಾರುಗಳು

ಶನಿವಾರ ದೋಣಿಯನ್ನು ಮನೆಯಲ್ಲೇ ಬಿಟ್ಟು, ಸ್ಥಳ ನೋಡಲು ಮೂವರೂ ಹೊರಟೆವು. ನಾನೊಂದು ನೋಟುಪುಸ್ತಕದಲ್ಲಿ ಗೆರೆ ಹೊಡೆದು ನಾಲ್ಕು ಕಾಲಂ ಮಾಡಿಕೊಂಡಿದ್ದೆ: ಇಳಿಜಾರು ಹೇಗಿದೆ, ಕಾಂಕ್ರೀಟು ನೀರಿನೊಳಗೆ ಎಷ್ಟು ದೂರ ಹೋಗಿದೆ, ಹತ್ತಿ ಇಳಿಯಲು ಕಟ್ಟೆ ಇದೆಯೇ, ಜನಸಂದಣಿ ಎಷ್ಟು.

ಸರೋವರ ಎಂಬ ಶಬ್ದ ಅದಕ್ಕೆ ಸಾಲದು. ಅದೂ ನಮ್ಮ ಆಲಮಟ್ಟಿಯಂತೆ ನದಿಗೆ ಅಡ್ಡ ಕಟ್ಟಿ ನಿಲ್ಲಿಸಿದ ನೀರೇ. ಉತ್ತರ ದಕ್ಷಿಣವಾಗಿ ಮಲಗಿದೆ. ಮೂಡಲ ದಂಡೆಯಲ್ಲಿ ನಿಂತರೆ ಪಡುವಲ ದಂಡೆ ಒಂದು ಮಸುಕಾದ ಗೆರೆ. ಆದರೆ ನಮ್ಮ ಹಿನ್ನೀರಿನ ಮುಂದೆ ನಿಂತವರು ಅದರ ಕೆಳಗೆ ಏನಿದೆ ಎಂದು ಮಾತನಾಡುತ್ತಾರೆ: ಇಲ್ಲಿ ನಮ್ಮ ಹೊಲ, ಅಲ್ಲಿ ಗುಡಿ, ಆ ಹೆಮ್ಮರದ ನೆತ್ತಿ ಬೇಸಿಗೆಯಲ್ಲಿ ಕಾಣುತ್ತದೆ. ಇಲ್ಲಿನವರು ನೀರಿನ ಮೇಲೆ ಏನು ಮಾಡಬಹುದೆಂದು ಮಾತನಾಡುತ್ತಾರೆ. ಮೀನು ಹಿಡಿಯುವವರು, ಹಲಗೆಯ ಮೇಲೆ ನಿಂತು ಎಳೆಸಿಕೊಂಡು ಹೋಗುವವರು, ಸುಮ್ಮನೆ ನಡುನೀರಿಗೆ ಹೋಗಿ ಮೋಟಾರು ನಿಲ್ಲಿಸಿ ಬುತ್ತಿ ಬಿಚ್ಚುವವರು. ಈ ನೀರಿನ ಕೆಳಗೂ ಯಾರದೋ ಹೊಲಗಳಿದ್ದಿರಬೇಕು. ಕೇಳಲು ಯಾರೂ ಸಿಗಲಿಲ್ಲ.

ಮೊದಲನೆಯದು ಅಣೆಕಟ್ಟಿನ ಮಗ್ಗುಲಿನ ಇಳಿಜಾರು, ಮಲ್ಲಪ್ಪನ ಕಾರು ನೀರಿಗಿಳಿದ ಸ್ಥಳ. ಅವನು ಕೆಳಗೆ ಇಳಿಯಲೇ ಇಲ್ಲ, ಕಾರಿನಲ್ಲಿ ಕುಳಿತು ಕನ್ನಡಿಯನ್ನು ಸರಿಪಡಿಸುತ್ತಿದ್ದ. ನಾನು ದೂರದಲ್ಲಿ ನಿಂತು ಆ ಜನರ ರೀತಿಯನ್ನು ಗಮನಿಸಿದೆ. ಹಗ್ಗ ಕಟ್ಟುವುದು, ಸಾಮಾನು ತುಂಬುವುದು, ಮಕ್ಕಳಿಗೆ ನೀರಿನಲ್ಲಿ ಮುಳುಗಗೊಡದ ತೇಲಂಗಿ ತೊಡಿಸುವುದು, ಎಲ್ಲವನ್ನೂ ಮೇಲಿನ ಬಯಲಿನಲ್ಲಿ ಮುಗಿಸಿಕೊಂಡೇ ಸಾಲಿಗೆ ಬರುತ್ತಾರೆ. ಇಳಿಜಾರಿನ ಮೇಲೆ ನಿಂತು ಚೀಲ ತಡಕಾಡುವವನು ಅವರ ಲೆಕ್ಕದಲ್ಲಿ ಸಭ್ಯನಲ್ಲ. ಸಿಂದಗಿಯ ಬಸ್ ನಿಲ್ದಾಣದಲ್ಲಿ ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿಯುವುದನ್ನು ನೋಡಿಯೇ ಬೆಳೆದ ನನಗೆ ಈ ಶಿಸ್ತು ಮೆಚ್ಚುಗೆಯಾಯಿತು. ಆದರೂ ಒಂದು ಮಾತು ಬರೆಯಬೇಕು. ಸಿಂದಗಿಯಲ್ಲಿ ಬಸ್ಸು ಹಿಂದಕ್ಕೆ ಬರುವಾಗ ಕಂಡಕ್ಟರ ಹಿಂದೆ ನಿಂತು “ಬರ್ಲಿ, ಬರ್ಲಿ” ಎಂದು ತಗಡು ಬಡಿಯುತ್ತಾನೆ. ಅವನ ಜೊತೆಗೆ ಸಂಬಂಧವಿಲ್ಲದ ಐದು ಜನ ಕೂಗುತ್ತಾರೆ. ಇಲ್ಲಿ ಚಾಲಕ ಒಬ್ಬನೇ. ಹಿಂದಿನಿಂದ ಯಾವ ದನಿಯೂ ಇಲ್ಲ.

ಎರಡನೆಯದು ಒಂದು ಸಣ್ಣ ಹಳ್ಳಿಯ ಹಳೆಯ ರಸ್ತೆ. ಅದು ನೆಟ್ಟಗೆ ನೀರಿನೊಳಗೆ ಹೋಗಿ ಮಾಯವಾಗುತ್ತಿತ್ತು. ಅದನ್ನು ಕಂಡೊಡನೆ ಮಲ್ಲಪ್ಪ ಇಳಿದು ಹೋಗಿ ಡಾಂಬರಿನ ತುದಿಯಲ್ಲಿ ನಿಂತ. “ನಮ್ಮೂರ ರಸ್ತೇನೂ ಹಿಂಗ ಹೋಗತೈತ್ರಿ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಇಲ್ಲಿ ಬ್ಯಾಡ,” ಎಂದ. ಕಾರಣವನ್ನು ನಾನು ಯಾವ ಕಾಲಮಿನಲ್ಲೂ ಬರೆಯಲಿಲ್ಲ.

ಮೂರನೆಯದು ಮೂಡಲ ದಂಡೆಯ ಉದ್ಯಾನ. ನುಣ್ಣನೆಯ ಕಾಂಕ್ರೀಟು, ಆಳದವರೆಗೆ, ಪಕ್ಕದಲ್ಲಿ ತೇಲುವ ಮರದ ಕಟ್ಟೆ, ಜನ ಕಡಿಮೆ. ನೀರು ತಾಟಿನಲ್ಲಿ ಸುರಿದ ಅಂಬಲಿಯಂತೆ ನಿಶ್ಚಲವಾಗಿತ್ತು. ನಾಲ್ಕಕ್ಕೆ ನಾಲ್ಕೂ ಸರಿ ಗುರುತು ಬಿದ್ದವು.

ನಾಲ್ಕನೆಯದು ಪಡುವಲ ದಂಡೆಯಲ್ಲಿ, ಒಂದು ಬೋಳುಗುಡ್ಡದ ಬುಡದಲ್ಲಿ. ಇಕ್ಕಟ್ಟು, ಗರಸುಕಲ್ಲು ಹಾಸಿದ ಇಳಿಜಾರು, ಕಟ್ಟೆ ಇಲ್ಲ. ಒಂದೇ ಒಂದು ಸರಿ ಗುರುತು, ಅದೂ ಜನಸಂದಣಿ ಇಲ್ಲವೆಂಬ ಕಾರಣಕ್ಕೆ.

“ಪರೀಕ್ಷಾ ಮುಗೀತೇನ ಅಕ್ಕಾ? ಯಾವುದು ಪಾಸಾತು?” ಎಂದಳು ಶೈಲಾ.

“ಮೂಡಲ ದಂಡೆ, ಪ್ರಥಮ ದರ್ಜೆಯಲ್ಲಿ,” ಎಂದೆ.

ಹೊರಡುವ ಮುನ್ನ

ರವಿವಾರ ಬೆಳಗ್ಗೆ ಏಳೂವರೆಗೆ ಹನಮಪ್ಪನವರ ಕರೆ ಬಂತು. ಅಲ್ಲಿ ಸಂಜೆ ಏಳು. ಫೋನಿನ ತೆರೆಯಲ್ಲಿ ಅವರ ಹಣೆ ಮತ್ತು ರುಮಾಲು ಮಾತ್ರ ಕಾಣುತ್ತಿದ್ದವು.

“ನೀರಿಗೆ ಬಿಟ್ಟೇನು?”

“ಇವತ್ತ ಬಿಡ್ತೇವಪ್ಪಾ,” ಎಂದ ಮಲ್ಲಪ್ಪ. ಶೈಲಾ ನನ್ನ ಕಡೆ ನೋಡಿದಳು.

“ಎಲ್ಲಿಂದ?”

ಮಲ್ಲಪ್ಪ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ನೋಟುಪುಸ್ತಕ ತೆರೆದು ನಾಲ್ಕು ಸ್ಥಳಗಳ ಗುಣದೋಷಗಳನ್ನು ಕ್ರಮವಾಗಿ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿದರು.

“ಎಲ್ಲಾ ಚೊಲೊ ಬರದೀರಿ ಸಾಲಿ ಅಕ್ಕಾರ. ಗಾಳಿ ಎಲ್ಲಿಂದ ಬರಾಕತ್ತೈತಿ, ಅದನ್ನ ಬರೀಲಿಲ್ಲ?”

ಬರೆದಿರಲಿಲ್ಲ. ನಾನು ಕೂಡಲೇ ಶೈಲಾಳ ಫೋನು ತೆಗೆದುಕೊಂಡು ಹವಾಮಾನ ನೋಡಿದೆ. ಗಾಳಿಯ ಚಿತ್ರದ ಪಕ್ಕದಲ್ಲಿ ಪಶ್ಚಿಮವನ್ನು ಸೂಚಿಸುವ ಇಂಗ್ಲಿಷ್ ಅಕ್ಷರವಿತ್ತು. ಹತ್ತು ಗಂಟೆಯ ನಂತರ ಜೋರಾಗುವುದೆಂದೂ ಇತ್ತು.

ಇಲ್ಲಿ ನಾನು ಮಾಡಿದ ತಪ್ಪನ್ನು ಸಕ್ರಮವಾಗಿಯೇ ವಿವರಿಸುತ್ತೇನೆ. ‘ಪಶ್ಚಿಮದ ಗಾಳಿ’ ಎಂಬುದನ್ನು ಬಿಡಿಸುವುದು ಹೇಗೆ? ಪಶ್ಚಿಮದಿಂದ ಬರುವ ಗಾಳಿ ಎಂದಾದರೆ ಪಂಚಮಿ. ಪಶ್ಚಿಮಕ್ಕೆ ಹೋಗುವ ಗಾಳಿ ಎಂದಾದರೆ ಚತುರ್ಥಿ. ಎರಡೂ ಸಾಧ್ಯ. ನಾನು ಸಿಂದಗಿಯ ಬಸ್ಸುಗಳನ್ನು ನೆನೆದೆ. ‘ಕಲಬುರಗಿ’ ಎಂದು ಫಲಕವಿರುವ ಬಸ್ಸು ಕಲಬುರಗಿಗೆ ಹೋಗುತ್ತದೆ. ‘ವಿಜಯಪುರ’ ಎಂದಿದ್ದರೆ ವಿಜಯಪುರಕ್ಕೆ. ಚಲಿಸುವ ವಸ್ತುವಿನ ಹಣೆಯ ಮೇಲೆ ಬರೆಯುವುದು ಅದು ಮುಟ್ಟುವ ಸ್ಥಳವನ್ನು. ಆದ್ದರಿಂದ ಚತುರ್ಥಿಯೇ ಸರಿ.

“ಗಾಳಿ ಪಶ್ಚಿಮಕ್ಕ ಹೊಂಟೈತಿ ಕಾಕಾ,” ಎಂದೆ. “ಅಂದ್ರ ಪೂರ್ವದ ದೆಸೆಯಿಂದ ಬರಾಕತ್ತೈತಿ.”

“ಹಂಗಾದ್ರ ಮೂಡಲ ದಂಡೀಲೆ ಬಿಡ್ರಿ. ಗಾಳಿ ಬೆನ್ನಿಗಿದ್ದ ದಂಡ್ಯಾಗ ನೀರು ಸುಮ್ನಿರ್ತೈತಿ.”

ನನ್ನ ಪಟ್ಟಿಯೂ ಅಂಬಿಗನ ಅನುಭವವೂ ಒಂದೇ ದಂಡೆಗೆ ಬಂದು ನಿಂತವು. ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ತಪಾಸಣೆಯ ಚಪ್ಪರ

ಸರೋವರದ ದಾರಿಯಲ್ಲಿ ಒಂದು ಚಪ್ಪರ ಹಾಕಿ, ದೋಣಿಗಳನ್ನೆಲ್ಲ ನಿಲ್ಲಿಸಿ ಪರೀಕ್ಷಿಸುತ್ತಿದ್ದರು. ಒಂದು ನೀರಿನ ಸಣ್ಣ ಚಿಪ್ಪುಹುಳು ದೋಣಿಗೆ ಅಂಟಿಕೊಂಡು ಇನ್ನೊಂದು ನೀರಿಗೆ ಹೋಗಿ ಅದನ್ನು ಕೆಡಿಸುತ್ತದಂತೆ. ಹಾಗಾಗಿ ದೋಣಿ ಒಣಗಿರಬೇಕು, ಅದರ ತಳದಲ್ಲಿ ನೀರು ಹರಿದುಹೋಗಲು ಇರುವ ತೂತಿನ ಬೂಚನ್ನು ತೆಗೆದಿಟ್ಟೇ ರಸ್ತೆಯಲ್ಲಿ ಒಯ್ಯಬೇಕು. ನಮ್ಮ ಅಜ್ಜಿ ಮಡಿಯಲ್ಲಿದ್ದಾಗ ಒಣಗಿದ ಸೀರೆಯನ್ನು ಕೋಲಿನಿಂದ ತೆಗೆಯುತ್ತಿದ್ದಳು. ಆ ತಪಾಸಣೆಯ ಹೆಣ್ಣುಮಗಳು ಟಾರ್ಚು ಹಿಡಿದು ದೋಣಿಯ ಹೊಟ್ಟೆಯನ್ನು ನೋಡುತ್ತಿದ್ದ ರೀತಿಯಲ್ಲಿ ಅಂಥದೇ ಶ್ರದ್ಧೆ ಇತ್ತು.

“ಈ ದೋಣಿ ಕೊನೆಯ ಸಲ ಯಾವ ನೀರಿನಲ್ಲಿತ್ತು?” ಎಂದು ಅವಳು ಕೇಳಿದಳು.

ಮಲ್ಲಪ್ಪನ ಕಿವಿ ಕೆಂಪಾಯಿತು. “ಇದೇ ಸರೋವರದಲ್ಲಿ,” ಎಂದ. “ಅರ್ಧ ಮಾತ್ರ.”

ಅವಳು ಬೂಚು ತಿರುಗಿಸಿ ತೆಗೆದು ಅವನ ಕೈಗಿತ್ತಳು. ಕಳೆದುಹೋಗದಿರಲೆಂದು ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಚೀಲದ ಒಳಜೇಬಿನಲ್ಲಿಟ್ಟು ಜಿಪ್ಪು ಎಳೆದೆ.

ಮೂಡಲ ದಂಡೆ

ದೂರದಿಂದಲೇ ಸದ್ದು ಕೇಳಿತು. ನಿನ್ನೆ ಅಂಬಲಿಯಂತಿದ್ದ ನೀರು ಇಂದು ಇಳಿಜಾರಿನ ಮೇಲೆ ಬಂದು ಬಡಿಯುತ್ತಿತ್ತು. ತೇಲುವ ಕಟ್ಟೆ ಎದ್ದು ಬಿದ್ದು ಸರಪಳಿ ಜಗ್ಗುತ್ತಿತ್ತು. ನಮ್ಮ ಹೊರತು ಒಂದೇ ಕಾರು. ಒಬ್ಬ ಎತ್ತರದ ಮುದುಕಿ ನಾಯಿಯನ್ನು ಅಡ್ಡಾಡಿಸುತ್ತಿದ್ದಳು.

“ಗಾಳಿ ಹಿಂದಿನಿಂದ ಬರಬೇಕಲ್ಲಾ? ಮಾರಿಗೇ ಹೊಡಿಯಾಕತ್ತೈತಿ,” ಎಂದಳು ಶೈಲಾ.

“ಹೊಳ್ಳತೈತಿ, ತಡಿ,” ಎಂದೆ. ಹವಾಮಾನದವರು ಬರೆದದ್ದನ್ನೂ ನನ್ನ ವಿಭಕ್ತಿಯನ್ನೂ ಗಾಳಿ ಪಾಲಿಸುವುದೆಂದು ನನಗೆ ಆಗಲೂ ನಂಬಿಕೆಯಿತ್ತು.

ಮಲ್ಲಪ್ಪ ಹಿಂದಕ್ಕೆ ಬಿಟ್ಟ. ಜನರಿರಲಿಲ್ಲವಾದ್ದರಿಂದ ನಾಲ್ಕನೆಯ ಯತ್ನಕ್ಕೆ ಟ್ರೇಲಿ ಹೇಗೋ ನೀರು ಮುಟ್ಟಿತು. ದೋಣಿ ತೇಲಿತು. ಅವನು ಸೊಂಟದವರೆಗೆ ನೀರಿನಲ್ಲಿ ನಿಂತು ಅದನ್ನು ಒಳಕ್ಕೆ ನೂಕಿದಷ್ಟೂ ತೆರೆ ಹೊರಕ್ಕೆ ನೂಕುತ್ತಿತ್ತು. ಐದು ನಿಮಿಷದಲ್ಲಿ ದೋಣಿ ಅಡ್ಡ ತಿರುಗಿ ಕಾಂಕ್ರೀಟಿಗೆ ಉಜ್ಜತೊಡಗಿತು. ಆಗ ಶೈಲಾ ಕೂಗಿದಳು:

“ಒಳಗ ನೀರು ಬರಾಕತ್ತೈತಿ. ತಳದಿಂದ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೂಚು ನನ್ನ ಕೈಚೀಲದಲ್ಲಿ, ಕರವಸ್ತ್ರದಲ್ಲಿ, ಜಿಪ್ಪಿನ ಹಿಂದೆ ಅತ್ಯಂತ ಸುರಕ್ಷಿತವಾಗಿತ್ತು.

ಆ ಮುದುಕಿ ಯಾವಾಗ ಹತ್ತಿರ ಬಂದಳೋ ತಿಳಿಯದು. ನಾಯಿಯ ಹಗ್ಗವನ್ನು ನನ್ನ ಕೈಯಲ್ಲಿಟ್ಟು, ಬೂಟು ಸಮೇತ ನೀರಿಗಿಳಿದು, ದೋಣಿಯ ಹಗ್ಗ ಹಿಡಿದಳು. ಆಕೆ, ಮಲ್ಲಪ್ಪ, ಶೈಲಾ ಮೂವರೂ ಸೇರಿ ದೋಣಿಯನ್ನು ಟ್ರೇಲಿಯ ಮೇಲೆ ಎಳೆದರು. ನಾನು ನಾಯಿಯನ್ನು ಹಿಡಿದು ನಿಂತೆ; ಅದು ನನ್ನ ಇಳಕಲ್ಲ ಸೀರೆಯ ಸೆರಗನ್ನು ಮೂಸಿ ನೋಡಿತು.

“ಪಶ್ಚಿಮದ ಗಾಳಿ ಇದ್ದಾಗ ಇಲ್ಲಿ ಯಾರೂ ಇಳಿಸುವುದಿಲ್ಲ,” ಎಂದಳು ಆಕೆ, ಬೂಟಿನ ನೀರು ಸುರಿಯುತ್ತ. ತಪ್ಪು ಹಿಡಿಯುವ ದನಿಯಲ್ಲಿ ಅಲ್ಲ. ಬಸ್ಸು ಎಷ್ಟಕ್ಕೆ ಎಂದು ಹೇಳುವಂತೆ. “ಇಡೀ ಸರೋವರ ದಾಟಿ ಬಂದು ಇಲ್ಲಿ ಬಡಿಯುತ್ತದಲ್ಲ.”

ಆಕೆಯ ಇಂಗ್ಲಿಷು ಬಹಳ ಸರಳವಾಗಿತ್ತು. ಬಡಿಯುತ್ತದೆ, ಎಲ್ಲಿಂದ? ಪಶ್ಚಿಮದಿಂದ. ಪಂಚಮೀ.

ನಾನು ಮಲ್ಲಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ, ಬಸ್ಸಿನ ಫಲಕವನ್ನೂ ಬಿಡದೆ. ಅವನು ಒದ್ದೆಯಾದ ಪ್ಯಾಂಟಿನಲ್ಲಿ ಕಾರಿನ ಬಾಗಿಲಿಗೆ ಒರಗಿ ಕೇಳಿದ. ಸಿಟ್ಟಾಗುವನೆಂದುಕೊಂಡಿದ್ದೆ.

“ಅಕ್ಕಾರ, ಮೂಡಗಾಳಿ ಅಂದ್ರ ಮೂಡಲದಿಂದ ಬರೋದಲ್ಲರಿ? ನಮ್ಮ ರೈತರು ಜ್ವಾಳಾ ತೂರೂದು ಹಂಗ ನೋಡೇ ಅಲ್ಲ?”

‘ಮೂಡಗಾಳಿ’ಯನ್ನು ಸಮಾಸದ ಉದಾಹರಣೆಯಾಗಿ ಇಪ್ಪತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನೇ. ವಿಭಕ್ತಿಗಳ ಪಟ್ಟಿಯಲ್ಲಿ ‘ದೆಸೆಯಿಂದ’ ಎಂಬುದನ್ನು ಮಾತಿನಲ್ಲಿ ಯಾರೂ ಆಡುವುದಿಲ್ಲ, ಪರೀಕ್ಷೆಗಾಗಿ ಬಾಯಿಪಾಠ ಮಾಡಿರಿ ಎಂದು ಹೇಳಿದವಳೂ ನಾನೇ. ಅದು ಯಾವ ಕೆಲಸಕ್ಕೆ ಇತ್ತೆಂಬುದು ಈ ದಂಡೆಯಲ್ಲಿ ತಿಳಿಯಿತು.

“ಮನಿಗೆ ಹೋಗೂಣ್ರಿ,” ಎಂದ ಮಲ್ಲಪ್ಪ. ದನಿಯಲ್ಲಿ ಬೇಸರಕ್ಕಿಂತ ದಣಿವಿತ್ತು. “ಐದಕ್ಕ ಅಂವ ಬರ್ತಾನ. ಒರಸಿ ಇಡಬೇಕು.”

ಶೈಲಾ ದೋಣಿಯೊಳಗಿನ ನೀರನ್ನು ಚರಿಗೆಯಿಂದ ಹೊರಗೆ ಚೆಲ್ಲುತ್ತಿದ್ದಳು. ನಾನು ದೂರ ಹೋಗಿ ಹನಮಪ್ಪನವರಿಗೆ ಫೋನು ಮಾಡಿದೆ. ಅವರು ಊಟ ಮುಗಿಸಿ ಅಡಿಕೆ ಹಾಕಿಕೊಳ್ಳುತ್ತಿದ್ದರು.

“ಕಾಕಾ, ನಾ ತಪ್ಪು ಹೇಳೇನಿ. ಗಾಳಿ ಪಡುವಲದಿಂದ ಬರಾಕತ್ತೈತಿ. ನನ್ನ ಮಾತಿಗೆ ಮಲ್ಲಪ್ಪ ನೀರಾಗ ಒದ್ದಾಡಿದ. ಈಗ ಮನಿಗೆ ಹೋಗೂಣು ಅನ್ನಾಕತ್ತಾನ.”

ಮಾರುವ ಸಂಗತಿಯನ್ನು ನಾನು ಹೇಳಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ. ಅತ್ತ ಅವರು ಅಡಿಕೆಯನ್ನು ದವಡೆಗೆ ಒತ್ತಿಕೊಂಡರು.

“ಸಾಲಿ ಅಕ್ಕಾರೂ ತಪ್ತೀರಿ ಅಂದಂಗಾತು,” ಎಂದು ನಕ್ಕರು. “ಅವನ ಕೈಯಾಗ ಕೊಡ್ರಿ.”

ಮಲ್ಲಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. ಆದರೂ ಹನಮಪ್ಪನವರ ದನಿ ಗಾಳಿಯನ್ನು ಸೀಳಿ ನಮಗೂ ಕೇಳುತ್ತಿತ್ತು. ಹೊಳೆಯ ಆಚೆ ದಂಡೆಯವರನ್ನು ಕೂಗಿ ಕರೆದ ದನಿ ಅದು.

“ಮಲ್ಲ್ಯಾ, ನಾ ಮೊದಲ ಸಲ ನಾವಿ ಬಿಟ್ಟಾಗ ಎರಡು ಊರ ಮಂದಿ ನೋಡಾಕ ನಿಂತಿತ್ತು. ಹಗ್ಗ ಬಿಚ್ಚದನ ಹುಟ್ಟು ಹಾಕಿದ್ನಿ. ಒಂದು ಹರದಾರಿ ಬೈದ್ರು. ಹೊಸಾ ಎಮ್ಮಿ ತಂದ್ರ ಏನ ಮಾಡ್ತೀವೋ? ಕೊಟ್ಟಿಗ್ಯಾಗ ಒಮ್ಮೆಲೇ ಕಟ್ತೀವೇನು? ಓಣ್ಯಾಗ ನಡಸ್ತೀವಿ. ನಾವಿನೂ ಹಂಗ. ಹತ್ತೂಕಿಂತ ಮೊದಲು ಹಗ್ಗಾ ಹಿಡದು ದಂಡಿ ಗುಂಟ ಮೂರು ಸರ್ತಿ ನಡಸು. ಅದು ಎತ್ತಾಗ ಜಗ್ಗತೈತಿ ನಿನ್ನ ಕೈಗೆ ಗೊತ್ತಾಗ್ಲಿ. ಪಡುವಲ ದಂಡಿಗೆ ಹೋಗು.”

ಮಲ್ಲಪ್ಪ ಟ್ರೇಲಿಯ ಮೇಲಿನ ದೋಣಿಯ ಕಡೆ ತಿರುಗಿದ.

“ಇದನ್ನ ಆವಾಗ ಯಾಕ ಕಲಸಲಿಲ್ಲಪ್ಪಾ?”

“ನೀ ಕೇಳಲಿಲ್ಲ. ನಾ ಸಾಲಿ ಕಲಿ ಅಂದೆ. ಈಗ ಕೇಳಿದಿ.”

ಪಡುವಲ ದಂಡೆ

ಅಣೆಕಟ್ಟಿನ ಮೇಲಿನ ರಸ್ತೆಯಿಂದ ಸುತ್ತು ಹಾಕಿ ಬೋಳುಗುಡ್ಡದ ಬುಡಕ್ಕೆ ಬಂದಾಗ ಮಧ್ಯಾಹ್ನ ದಾಟಿತ್ತು. ಗಾಳಿ ಗುಡ್ಡದ ನೆತ್ತಿಯ ಹುಲ್ಲನ್ನು ಮಲಗಿಸುತ್ತಿತ್ತು. ಕೆಳಗೆ ನೀರು ಸುಮ್ಮನೆ ಇತ್ತು. ಪಟ್ಟಿಯಲ್ಲಿ ಒಂದೇ ಒಂದು ಗುರುತು ಪಡೆದ ದಂಡೆ ಅದು. ಆದರೆ ಜನಸಂದಣಿ ಇಲ್ಲವೆಂದು ಬರೆದಿದ್ದೆನಲ್ಲ, ಅದೂ ತಪ್ಪಿತ್ತು. ಗಾಳಿಯ ಅರಿವಿದ್ದವರೆಲ್ಲ ಇಲ್ಲಿಗೇ ಬಂದಿದ್ದರು. ಇಕ್ಕಟ್ಟಿನ ಇಳಿಜಾರಿನ ಮೇಲೆ ಏಳು ದೋಣಿಗಳ ಸಾಲು, ಅದೇ ಮೌನ.

ಮಲ್ಲಪ್ಪ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದ. ಮೇಲಿನ ಬಯಲಿನಲ್ಲೇ ಕೈಚೀಲ ತೆರೆದು ಬೂಚನ್ನು ತೆಗೆದು, ನಾನೇ ತಿರುಗಿಸಿ ಬಿಗಿಮಾಡಿದೆ; ಶೈಲಾ ಮತ್ತೊಮ್ಮೆ ಬಿಗಿಮಾಡಿದಳು. ನಮ್ಮ ಸರದಿ ಬಂತು. ಮೊದಲ ಯತ್ನಕ್ಕೇ ಟ್ರೇಲಿ ಅಡ್ಡ ತಿರುಗಿತು. ಹಿಂದೆ ಯಾರೂ ಮಾತನಾಡಲಿಲ್ಲ. ಅವನು ಮುಂದಕ್ಕೆ ಬಂದ. ಎರಡನೆಯ ಸಲವೂ ಅಡ್ಡ.

ಕಾರಿನಿಂದ ಇಳಿದು ನಾನು ಟ್ರೇಲಿಯ ಹಿಂದೆ ಹೋಗಿ ನಿಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಮುಂದೆ ನಡೆದುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ನೋಡಲಿಲ್ಲವೆಂಬುದು ಸಮಾಧಾನ.

“ಬರ್ಲಿ,” ಎಂದು ಕೂಗಿ ಟ್ರೇಲಿಯ ತಗಡನ್ನು ಅಂಗೈಯಿಂದ ಬಡಿದೆ. “ಬರ್ಲಿ, ಬರ್ಲಿ. ಎಡಕ್ಕ ಸ್ವಲ್ಪ. ಬರ್ಲಿ. ಹೋಲ್ಡಾನ್.”

ಕನ್ನಡಿಯಲ್ಲಿ ಮಲ್ಲಪ್ಪನ ಕಣ್ಣುಗಳು ನನ್ನನ್ನು ಹುಡುಕಿದವು. ಅವನು ನಗುತ್ತಿದ್ದ. ಕೈ ಸಡಿಲಾದದ್ದು ಟ್ರೇಲಿಗೇ ತಿಳಿದಂತೆ ಅದು ನೆಟ್ಟಗಾಯಿತು. ಸಿಂದಗಿಯ ನಿಲ್ದಾಣದ ಹತ್ತನೆಯ ಪ್ಲಾಟ್‌ಫಾರ್ಮಿಗೆ ಬಸ್ಸು ಬಂದು ನಿಲ್ಲುವಂತೆ, ಬಡಿತಕ್ಕೆ ಒಂದಡಿ, ಬಡಿತಕ್ಕೆ ಒಂದಡಿ, ಅದು ನೀರಿಗೆ ಇಳಿಯಿತು. ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ ತನ್ನ ಗಾಡಿಯಿಂದ ತಲೆ ಹೊರಹಾಕಿ, ನಮ್ಮ ಭಾಷೆ ತಿಳಿಯದೆಯೇ, “ಬರ್ಲಿ,” ಎಂದ. ಕೊನೆಯ ಎರಡು ‘ಬರ್ಲಿ’ಗಳು ಅವನವು.

ದೋಣಿ ತೇಲಿದ ಮೇಲೆ ಮಲ್ಲಪ್ಪ ಅದನ್ನು ಹತ್ತಲಿಲ್ಲ. ಕಾರನ್ನು ಮೇಲೆ ನಿಲ್ಲಿಸಿ ಬಂದು, ಇತರರಿಗೆ ದಾರಿ ಬಿಟ್ಟು, ಹಗ್ಗ ಹಿಡಿದು ಮೊಣಕಾಲು ನೀರಿನಲ್ಲಿ ದಂಡೆಗುಂಟ ನಡೆಯತೊಡಗಿದ. ದೋಣಿ ಅವನ ಹಿಂದೆ ಬಂತು. ಒಮ್ಮೆ ನಿಂತಿತು, ಒಮ್ಮೆ ಒಳಕ್ಕೆ ಜಗ್ಗಿತು, ಮತ್ತೆ ಬಂತು. ಬಂಡೆಯವರೆಗೆ ಹೋಗಿ ತಿರುಗಿದ. ಎರಡನೆಯ ಸುತ್ತಿಗೆ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದಿದ್ದ.

ಆ ದಪ್ಪ ಮನುಷ್ಯ ನನ್ನ ಪಕ್ಕ ಬಂದು ನಿಂತ. “ಏನು ಮಾಡುತ್ತಿದ್ದಾನೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಪರಿಚಯ ಮಾಡಿಕೊಳ್ಳುತ್ತಿದ್ದಾನೆ,” ಎಂದೆ. “ಅವನ ತಂದೆ ಅಂಬಿಗರು. ಅವರ ಪದ್ಧತಿ.”

ಅವನು ತಲೆಯಾಡಿಸಿದ. ಹಿಂದಿನಿಂದ ಅವನ ಹೆಂಡತಿ, “ನೀನೂ ಹಾಗೆ ಮಾಡಿದ್ದರೆ ನಮ್ಮ ಮೊದಲನೆಯ ದೋಣಿ ಇನ್ನೂ ಇರುತ್ತಿತ್ತು,” ಎಂದಳು. ನಮ್ಮ ಕಡೆಯ ಹೆಂಡತಿಯರ ದನಿಯೇ.

ಮೂರನೆಯ ಸುತ್ತು ಮುಗಿಸಿ ಮಲ್ಲಪ್ಪ ಕರೆದ: “ಹತ್ರಿ ಅಕ್ಕಾರ.”

ತೇಲಂಗಿಯನ್ನು ಸೀರೆಯ ಮೇಲೆ ಬಿಗಿದುಕೊಂಡು ನಾನು ಹೇಗೆ ಹತ್ತಿದೆ ಎಂಬುದನ್ನು ಶೈಲಾಳ ಫೋನಿನಲ್ಲಿರುವ ಚಿತ್ರಗಳು ಹೇಳುತ್ತವೆ, ಇಲ್ಲಿ ಬರೆಯುವುದಿಲ್ಲ. ಮೋಟಾರು ಎರಡನೆಯ ಎಳೆತಕ್ಕೆ ಹಿಡಿಯಿತು. ಗುಡ್ಡದ ಮರೆ ಬಿಟ್ಟು ಹೊರಗೆ ಹೋಗದೆ, ಅದರ ನೆರಳಿನ ಅಂಚಿನಲ್ಲೇ ನಿಧಾನವಾಗಿ ಸಾಗಿದೆವು. ಮಲ್ಲಪ್ಪ ಒಂದು ಕೈಯನ್ನು ಮೋಟಾರಿನ ಹಿಡಿಕೆಯ ಮೇಲಿಟ್ಟು, ಇನ್ನೊಂದನ್ನು ಮೊಳಕಾಲ ಮೇಲಿಟ್ಟು, ದೂರ ನೋಡುತ್ತ ಕುಳಿತ ಭಂಗಿಯನ್ನು ಕಂಡು ಶೈಲಾ ಮೆಲ್ಲನೆ ಹೇಳಿದಳು: “ಥೇಟ್ ಮಾವ ಕುಂತಂಗ ಕುಂತಾರ.” ಅವನಿಗೆ ಕೇಳಿಸಿತು. ಕೇಳಿಸದಂತೆ ಇದ್ದ.

ದೋಣಿಯಲ್ಲಿ ಗಡಿಯಾರ ನೋಡಿದವರು ಯಾರೂ ಇರಲಿಲ್ಲ. ಮಲ್ಲಪ್ಪನ ಫೋನು ನನ್ನ ಕೈಚೀಲದಲ್ಲಿ, ಬೂಚು ಇದ್ದ ಜೇಬಿನಲ್ಲೇ, ಗುನುಗುಟ್ಟಿದಾಗ ನಾಲ್ಕು ಗಂಟೆಯಾಗಿತ್ತು. ಕೊಳ್ಳುವವನು. ತಾನು ಹೊರಟಿರುವುದಾಗಿ ಹೇಳಿ, ದೋಣಿ ಮನೆಯ ಮುಂದೆಯೇ ಇದೆಯೇ ಎಂದು ಕೇಳುತ್ತಿದ್ದ.

ನಾನು ಫೋನಿನ ಬಾಯಿಗೆ ಅಂಗೈ ಮುಚ್ಚಿದೆ. “ಮಲ್ಲಪ್ಪ, ಅಂವ ಹೊಂಟಾನ. ದೋಣಿ ಎಲ್ಲೈತಿ ಅಂತ ಕೇಳಾಕತ್ತಾನ. ಏನ ಹೇಳ್ಲಿ?”

ಅವನು ಹಿಡಿಕೆಯಿಂದ ಕೈ ತೆಗೆಯಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

“ನೀರಾಗ ಐತಿ ಅನ್ರಿ.”

ಇಪ್ಪತ್ತಾರು ವರ್ಷ ನಾನು ಮಕ್ಕಳ ಪುಸ್ತಕಗಳಲ್ಲಿ ‘ನೀರಾಗ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ನೀರಿನಲ್ಲಿ’ ಎಂದು ತಿದ್ದಿದ್ದೇನೆ. ಅಂದು ತಿದ್ದಲಿಲ್ಲ. ಕೇಳಿದ ಮಾತನ್ನು ಕೇಳಿದ ಹಾಗೆಯೇ, ಒಂದು ಅಕ್ಷರ ಸೇರಿಸದೆ, ಆ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಮೋಟಾರಿನ ಸದ್ದೂ ನೀರಿನ ಸದ್ದೂ ಅವನಿಗೆ ಕೇಳಿಸುತ್ತಿದ್ದಿರಬೇಕು.

“ಹಾಗಾದರೆ ನಾನು ಬರುವುದಿಲ್ಲ,” ಎಂದ. ಮತ್ತೆ, ಫೋನಿಡುವ ಮೊದಲು, “ಯಾವ ದಂಡೆಯಿಂದ ಇಳಿಸಿದಿರಿ?” ಎಂದು ಕೇಳಿದ.